ರೂಟರಿನ ರೋಗನಿದಾನ

ಮನೆಯ ವೈಫೈ ನಿಂತುಹೋಯಿತೆಂಬ ದೂರನ್ನು ಹುಡುಗರ ವಿನೋದದ ಮಾತೆಂದು ಹಿರಿಯರು ತಳ್ಳಿಹಾಕಕೂಡದು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ತರುವಾಯ ನಮ್ಮ ಊರಿಗಾಂ, ಮಾರಿಕುಪ್ಪಂ ಕಡೆಯ ಯುವಕರನೇಕರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ವಾರದಲ್ಲಿ ಎರಡು ದಿನ ಮನೆಯಲ್ಲಿಯೇ ಕೆಲಸಮಾಡಲು ಅನುಮತಿ ಪಡೆದವನಿಗೆ ಆ ದಿನವೇ ಸಂಪರ್ಕವು ಕಡಿದರೆ ಅನುಮತಿಗೂ ಸಂಬಳಕ್ಕೂ ಕುತ್ತು.

ವೈದ್ಯಶಾಸ್ತ್ರದಲ್ಲಿ ನಿದಾನವೆಂದರೆ ರೋಗದ ಮೂಲವನ್ನರಿಯುವುದು. ನಮ್ಮ ಆಡುಮಾತಿನಲ್ಲಿ ಆತುರಪಡದಿರುವುದು. ಇಲ್ಲಿ ಎರಡೂ ಬೇಕು. ಆದರೆ ಅನೇಕರು ಮಾಡುವುದೇನು? ಯಂತ್ರದ ಹಿಂದಿರುವ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಿ ರೀಸೆಟ್ ಮಾಡುತ್ತಾರೆ. ಇದರಿಂದ ಗುಪ್ತಪದವೂ ಸಂಪರ್ಕ ಕೊಟ್ಟವರು ಬರೆದಿಟ್ಟ ವಿವರಗಳೂ ಅಳಿಸಿಹೋಗಿ, ಅಲ್ಪವ್ಯಾಧಿಯು ಮಹಾವ್ಯಾಧಿಯಾಗುವುದು.

ದೋಷವು ಮನೆಯ ಹೊರಗೋ ಒಳಗೋ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ದೀಪವು ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬಂದು ತಲುಪುತ್ತಿಲ್ಲವೆಂದು ಅರ್ಥ. ಆ ತಂತಿಯೊಳಗಿರುವುದು ಗಾಜಿನ ಎಳೆ. ಮಂಚದ ಕಾಲಿನಡಿ ಸಿಕ್ಕಿದೆಯೇ, ಬಾಗಿಲ ಸಂದಿನಲ್ಲಿ ಮಡಿಸಿದೆಯೇ ನೋಡಿರಿ. ಇಲ್ಲವಾದರೆ ಲೈನಿನವರಿಗೆ ಹೇಳಿಕಳುಹಿಸುವುದಲ್ಲದೆ ನೀವು ಮಾಡತಕ್ಕದ್ದೇನೂ ಇಲ್ಲ.

ಕೆಂಪು ದೀಪವಿಲ್ಲದಿದ್ದರೆ ರೂಟರಿನ ಸ್ವಿಚ್ಚನ್ನು ಒಂದು ನಿಮಿಷ ಆರಿಸಿ, ಮರಳಿ ಹಾಕಿ, ಐದು ನಿಮಿಷ ಸುಮ್ಮನಿರಿ. ಬಳಿಕ ಫೋನನ್ನು ಹಿಡಿದು ಯಂತ್ರದ ಸಮೀಪದಲ್ಲಿಯೇ ನಿಂತು ಪರೀಕ್ಷಿಸಿರಿ. ಒಂದೇ ಫೋನಿಗೆ ಬಾರದೆ ಮಿಕ್ಕವಕ್ಕೆ ಬಂದರೆ ದೋಷವು ಆ ಫೋನಿನದು. ಅದರಲ್ಲಿರುವ ಹಳೆಯ ವೈಫೈ ಹೆಸರನ್ನು ಅಳಿಸಿ ಗುಪ್ತಪದವನ್ನು ಹೊಸದಾಗಿ ಕೊಡಿರಿ. ಹತ್ತಿರದಲ್ಲಿ ಬಂದು ಹಿತ್ತಿಲ ಕೋಣೆಯಲ್ಲಿ ಬಾರದಿದ್ದರೆ ಗೋಡೆಗಳೇ ಕಾರಣ.

ನಮ್ಮೂರಲ್ಲಿ ಪ್ರಾಯಶಃ ಇದೇ ಹೆಚ್ಚು. 1902ರಲ್ಲಿಯೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಇಲ್ಲಿನ ಗಣಿಗಳಿಗೆ ವಿದ್ಯುತ್ತು ಬಂದಿತು. ತಂತಿಯಿಲ್ಲದ ಈ ಅಲೆಯಾದರೋ ಪಡಸಾಲೆಯಿಂದ ಹಿತ್ತಿಲಿಗೆ ಹೋಗಲು ಮುಗ್ಗರಿಸುತ್ತದೆ! ಹಳೆಯ ಬಂಗಲೆಯ ದಪ್ಪ ಗೋಡೆಯು ಅದನ್ನು ಹೀರಿಕೊಳ್ಳುತ್ತದೆ. ಲೈನು ಮನೆಗಳ ಹಿಂದೆ ತಗಡಿನಿಂದ ಮರೆಮಾಡಿದ ಕೋಣೆಯಿದ್ದರೆ, ತಗಡು ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ. ಅನೇಕ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳನ್ನು ಕೊಡುತ್ತವೆ. ಮೊದಲನೆಯದು ಮಂದವಾದರೂ ದೂರಗಾಮಿ, ಎರಡನೆಯದು ವೇಗಶಾಲಿಯಾದರೂ ಗೋಡೆಗೆ ಅಂಜುವುದು. ದೂರದ ಕೋಣೆಯಲ್ಲಿ ಮೊದಲನೆಯದನ್ನೇ ಆರಿಸಿಕೊಳ್ಳಿರಿ. ತಗಡಿನ ಕೋಣೆಗಾದರೆ ಒಂದು ತಂತಿಯನ್ನೇ ಎಳೆಸುವುದು ಲೇಸು.

ಅಂದಗೆಡುತ್ತದೆಂದು ರೂಟರನ್ನು ಬೀರುವಿನ ಹಿಂದೆ ಅಡಗಿಸಿಡುವ ಗೃಹಿಣಿಯರುಂಟು. ಬೀರು ಕಬ್ಬಿಣದ್ದು, ಅದೂ ತಗಡೇ! ಮನೆಯ ನಡುವೆ, ಎದೆಯೆತ್ತರದಲ್ಲಿ, ಫ್ರಿಜ್ಜಿಗೂ ಮೈಕ್ರೋವೇವ್ ಒಲೆಗೂ ದೂರವಾಗಿ ಇಡಿರಿ.

ಇಷ್ಟಾದರೂ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಮಂದವಾದರೆ, ಬೀದಿಯವರೆಲ್ಲ ಅದೇ ಹೊತ್ತಿನಲ್ಲಿ ಬಳಸುತ್ತಿರಬಹುದು. ನಾಲ್ಕು ದಿನ ವೇಳೆಯನ್ನೂ ದೀಪದ ಬಣ್ಣವನ್ನೂ ಒಂದು ಚೀಟಿಯಲ್ಲಿ ಗುರುತುಹಾಕಿ, ಲೈನಿನವನು ಬಂದಾಗ ಅವನ ಕೈಗೆ ಕೊಡಿರಿ.