ಮಾತ್ರೆ ಗುಟ್ಟು, ಊರೆಲ್ಲ ಗುಲ್ಲು

ಮಂಡ್ಯ: ಎಚ್.ಐ.ವಿ. ಹೇಗೆ ಅಂಟುತ್ತೆ, ಹೇಗೆ ಅಂಟೋದಿಲ್ಲ ಎಂಬುದನ್ನು ಊರವರಿಗಿಂತ ಚೆನ್ನಾಗಿ ಬಲ್ಲವರು ಅದನ್ನು ಮೈಯಲ್ಲಿ ಹೊತ್ತವರೇ. ರಕ್ತ ಪರೀಕ್ಷೆಯ ದಿನವೇ ಆಸ್ಪತ್ರೆಯ ಆಪ್ತ ಸಮಾಲೋಚಕರು ಕೂರಿಸಿಕೊಂಡು ಎಲ್ಲ ಹೇಳಿರುತ್ತಾರೆ. ಮುಟ್ಟಿದರೆ ಬರೋದಿಲ್ಲ, ಒಂದೇ ಲೋಟದಲ್ಲಿ ಕಾಫಿ ಕುಡಿದರೆ ಬರೋದಿಲ್ಲ. ಮದ್ದೂರು ವಡೆ ಮುರಿದು ಹಂಚಿ ತಿಂದರೆ ಬರುವ ಕಾಯಿಲೆ ಇದಲ್ಲ. ಆದರೂ ಮನೆಗೆ ಹೋದವರು ತಮ್ಮ ತಟ್ಟೆ ಲೋಟ ತಾವೇ ಬೇರೆ ಎತ್ತಿಡುವುದುಂಟು. ತಿಳಿವಳಿಕೆ ಬಂದಿದೆ, ಧೈರ್ಯ ಬಂದಿಲ್ಲ.

ಇದಕ್ಕೆ ಬೇರು ಹಳೆಯದು. ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಆಗ ಮದ್ದಿರಲಿಲ್ಲ. ತಲೆಬುರುಡೆ ಬರೆದು ಹೆದರಿಸಿದ್ದೇ ಪ್ರಚಾರವಾಯಿತು. ಮದ್ದು ಬಂತು, ಹೆದರಿಕೆ ಮಾತ್ರ ಹೋಗಲೇ ಇಲ್ಲ. 2004ರ ಏಪ್ರಿಲ್ 1ರಿಂದ ಸರಕಾರ ಎ.ಆರ್.ಟಿ. ಮಾತ್ರೆಯನ್ನು ಪುಕ್ಕಟೆ ಕೊಡಲು ಹೊರಟಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ನಮ್ಮದೂ ಒಂದಾಗಿತ್ತು. 2017ರಿಂದೀಚೆಗೆ ಸೋಂಕು ಗೊತ್ತಾದ ಕೂಡಲೇ ಮಾತ್ರೆ ಶುರು, ಮೈ ಸೊರಗುವ ತನಕ ಕಾಯುವುದಿಲ್ಲ. ಪರೀಕ್ಷೆ ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಆಗುತ್ತೆ. ಮಾತ್ರೆಗೆ ಮಂಡ್ಯದ ಮಿಮ್ಸ್ ಇದೆ.

ಇನ್ನೂ ಸರಿಯಾಗಿ ಮನೆ ಮುಟ್ಟದ ಸಂಗತಿ ಒಂದಿದೆ. ದಿನಾ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ನಿಂತರೆ, ಕೂಡಿದ ಗಂಡನಿಗೋ ಹೆಂಡತಿಗೋ ಅದು ದಾಟುವುದಿಲ್ಲ. ಮದ್ದಿಲ್ಲದ ತಾಯಿಯಿಂದ ನೂರಕ್ಕೆ 15ರಿಂದ 45 ಮಕ್ಕಳಿಗೆ ಬರಬಹುದಾದದ್ದು, ಮದ್ದು ಸರಿಯಾಗಿ ಸಿಕ್ಕರೆ ಐದಕ್ಕಿಂತ ಕೆಳಗೆ ಇಳಿಯುತ್ತದೆ.

ಇಷ್ಟೆಲ್ಲ ಇದ್ದೂ ತೊಡಕು ಎಲ್ಲಿ? ಬಸ್ ಸ್ಟ್ಯಾಂಡಿನಲ್ಲಿ! ಹತ್ತಿರದ ಆಸ್ಪತ್ರೆ ಬಿಟ್ಟು ದೂರದೂರಿಗೆ ಮಾತ್ರೆಗೆ ಹೋಗುವುದು ದೇಶದ ಎಲ್ಲ ಕಡೆ ಕಂಡ ಮಾತು. ನಮ್ಮವರಿಗಂತೂ ಈ ಕಡೆ ಮೈಸೂರು, ಆ ಕಡೆ ಬೆಂಗಳೂರು ಇದೆ. ‘ನಮ್ಮೂರೋರು ಯಾರಾದ್ರೂ ನೋಡ್ಬುಟ್ರೆ?’ ಎಂಬ ಒಂದೇ ಅಳುಕು. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಚಾರ್ಜು ಉಳಿದಿದೆ. ಗಂಡಸಿಗೆ ಚಾರ್ಜೂ ಹೋಯ್ತು, ದಿನದ ಕೂಲಿಯೂ ಹೋಯ್ತು. ಡಬ್ಬಿಯ ಚೀಟಿ ಕಿತ್ತು ಮಾತ್ರೆಯನ್ನು ಅಕ್ಕಿ ಮೂಟೆಯಲ್ಲಿ ಬಚ್ಚಿಟ್ಟವರು, ಮನೆಗೆ ನೆಂಟರು ಬಂದರೆ ಆ ದಿನ ನುಂಗುವುದಿಲ್ಲ. ಕಬ್ಬು ಕಡಿಯಲು ಬೇರೆ ಊರಿಗೆ ಹೋದವರು ಹತ್ತು ಜನರ ನಡುವೆ ಡಬ್ಬಿ ತೆಗೆಯುವುದಾದರೂ ಹೇಗೆ? ನಾಲ್ಕು ದಿನ ತಪ್ಪುತ್ತೆ, ಮತ್ತೆ ಎಂಟು ದಿನ. ಹಾಗೆ ಬಿಟ್ಟು ಬಿಟ್ಟು ನುಂಗಿದರೆ ವೈರಸ್ಸು ಮಾತ್ರೆಗೆ ಬಗ್ಗದಂತಾಗಿ, ಬೇರೆ ಮದ್ದಿಗೆ ಹೋಗಬೇಕಾಗುತ್ತದೆ. ರೋಗಿಗೆ ಶಿಸ್ತಿಲ್ಲ ಎಂದು ಬಯ್ಯುವುದು ಸುಲಭ. ಆದರೆ ಬಚ್ಚಿಡುವಂತೆ ಮಾಡಿದ್ದು ಅವನ ಅಜ್ಞಾನವಲ್ಲ, ಅಕ್ಕಪಕ್ಕದ ಬಾಯಿ.

ಆ ಬಾಯಿಗೆ ಬೀಗ ಹಾಕಲು ಕಾಯಿದೆಯೂ ಇದೆ. 2017ರಲ್ಲಿ ಪಾರ್ಲಿಮೆಂಟು ಮಾಡಿದ ಎಚ್.ಐ.ವಿ. ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆಯೆಂದು ಅಂಗಡಿ ಆಳನ್ನು ಬಿಡಿಸುವಂತಿಲ್ಲ, ಬಾಡಿಗೆ ಮನೆ ಇಲ್ಲ ಅನ್ನುವಂತಿಲ್ಲ, ಮಗುವನ್ನು ಸ್ಕೂಲಿಗೆ ಬೇಡ ಅನ್ನುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಸಲ್ಲ. ಸೋಂಕಿತರ ಮೇಲೆ ದ್ವೇಷ ಹಬ್ಬಿಸಿದವರಿಗೆ ಮೂರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆದೀತು. ಆದರೆ ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕಾದ್ದು ನೂರು ಜನಕ್ಕೆ ಕಡಿಮೆಯಿಲ್ಲದ ಸಂಸ್ಥೆಗಳು, ಆಸ್ಪತ್ರೆಯಾದರೆ ಇಪ್ಪತ್ತು. ಪೇಟೆ ಬೀದಿಯ ಕಿರಾಣಿ ಅಂಗಡಿಗೆ, ಆಲೆಮನೆಗೆ ಅದು ತಾಕುವುದೇ ಇಲ್ಲ. ಅಲ್ಲಿನ ಆಳು ದೂರು ಕೊಡಲು ಹೊರಟರೆ ಮೊದಲು ಗುಟ್ಟು ಬಿಚ್ಚಬೇಕು. ಯಾವ ಪುಣ್ಯಾತ್ಮ ಹೊರಟಾನು?

ಹೆಸರು ಹೇಳದೆ ವಿಚಾರಿಸಬೇಕೆಂದವರಿಗೆ 1097 ನಂಬರಿದೆ. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.