ಬೆಲ್ಲಕ್ಕೆ ವಿನಾಯಿತಿಯುಂಟೆ?

ಕಣಕಟ್ಟೆಯ ಸೀಮೆಯು ತೆಂಗು ರಾಗಿಗಳ ಸೀಮೆ. ಇಲ್ಲಿನ ಅಡುಗೆಮನೆಗಳಲ್ಲಿ ಬೆಲ್ಲಕ್ಕೂ ಕೊಬ್ಬರಿಗೂ ಇರುವ ಮರ್ಯಾದೆಯನ್ನು ಕಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಸಕ್ಕರೆಯು ಕೆಟ್ಟದ್ದು, ಬೆಲ್ಲವಾದರೆ ಎಷ್ಟಾದರೂ ತಿನ್ನಬಹುದೆಂಬ ಮಾತನ್ನು ವಿದ್ಯಾವತಿಯರಾದ ಸೋದರಿಯರ ಬಾಯಲ್ಲಿಯೂ ಕೇಳಿ ನಮಗೆ ವ್ಯಸನವಾಗುತ್ತದೆ.

ಹೋಳಿಗೆಯು ಕಾವಲಿಯ ಮೇಲೆ ಕೆಂಪಗಾಗುವುದನ್ನು ನೋಡದ ಗೃಹಿಣಿಯಿಲ್ಲ. ಸಕ್ಕರೆಯು ಸಸಾರಜನಕದ ಅಂಶಗಳೊಡನೆ ಕೂಡಿ ಹೀಗೆ ಬಣ್ಣವೇರುವುದನ್ನು ಫ್ರೆಂಚ್ ಪಂಡಿತನಾದ ಮೈಯಾರನು 1912ರಲ್ಲಿ ವಿವರಿಸಿದನು. ಇದೇ ಬಗೆಯ ಕ್ರಿಯೆಯು ಬೆಂಕಿಯಿಲ್ಲದೆ, ಮೆಲ್ಲಮೆಲ್ಲಗೆ, ನಮ್ಮ ದೇಹದೊಳಗೂ ನಡೆಯುತ್ತಿರುವುದು. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಅದು ಹೆಚ್ಚು. ಚರ್ಮಕ್ಕೂ ರಕ್ತನಾಳಗಳಿಗೂ ಆಧಾರವಾದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಪೆಡಸಾಗುವುವು. ಮುಪ್ಪಿನ ಒಂದು ಬಾಗಿಲು ಇದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು; ಅದರ ಕೆಂಬಣ್ಣದ ವಸ್ತುವಿಗೆ ಅಂಟಿದ ಸಕ್ಕರೆಯನ್ನು ಅಳೆದೇ ವೈದ್ಯರು ಹಿಂದಿನ ಎರಡು ಮೂರು ತಿಂಗಳ ಲೆಕ್ಕವನ್ನು ಹೇಳುವರು. ಪರೀಕ್ಷೆಯ ಹಿಂದಿನ ದಿನದ ಉಪವಾಸವು ಅಲ್ಲಿ ಸಲ್ಲದು! ಬೆಲ್ಲದ ಬಹುಭಾಗವೂ ಸಕ್ಕರೆಯೇ ಆದುದರಿಂದ ಅದಕ್ಕೂ ವಿನಾಯಿತಿಯಿಲ್ಲ.

ಇನ್ನು ಜಿಡ್ಡು. ಚಟ್ನಿಯ ಹಸಿ ಕಾಯಿಯಲ್ಲಿ ನಾರೂ ಉಂಟು. ಮಿತವಾಗಿದ್ದರೆ ಅದಕ್ಕೆ ನಾವು ಅಂಜೆವು. ಅಂಜುವುದು, ಕರಿದ ಎಣ್ಣೆಯನ್ನೇ ಮರಳಿ ಮರಳಿ ಕಾಯಿಸುವ ಮಿತವ್ಯಯಕ್ಕೆ. ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ವಸ್ತುಗಳು ಜೀವಕೋಶಗಳಿಗೆ ಹಾನಿಕರ.

ಮೇಲೆ ಬೆರೆಸುವ ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದ ಉತ್ತಮ ಮಿತಿಯು ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಸಣ್ಣ ಚಮಚ. ಲೋಟಕ್ಕೆ ಎರಡರಂತೆ ಮೂರು ಲೋಟ ಕಾಫಿಗೇ ಅದು ತೀರಿತು. ನಾವು ಹೋಳಿಗೆಯ ಪಕ್ಷದವರು. ಆದುದರಿಂದಲೇ ಕಾಫಿಯ ಎರಡನೆಯ ಚಮಚವನ್ನು ಬಿಡಿರೆಂದು ತಾಯಂದಿರನ್ನು ಬೇಡುತ್ತೇವೆ.