ಶೀಟ್ ಚಾವಣಿಗೆ ಮಿಂಚುಹುಳದ ಲೆಕ್ಕ

ಬೊಮ್ಮನಹಳ್ಳಿಯಲ್ಲಿ ಮೆಟ್ರೊ ಕಿಟಕಿಯಿಂದ ಕೆಳಗೆ ನೋಡಿ, ಎಷ್ಟೊಂದು ಟೆರೇಸ್ ಮೇಲೆ ಶೀಟ್ ಚಾವಣಿ! ನಮ್ಮನೆಗೂ ಒಂದು ಬೇಕು ಅಂತ ಅಮ್ಮ ಹಟ ಹಿಡಿದರು. ವೆಲ್ಡಿಂಗ್ ಅಂಗಡಿಯವರು ರೇಟು ಹೇಳಿದ್ದು ಕೆ.ಜಿ. ಲೆಕ್ಕದಲ್ಲಿ. ಕಬ್ಬಿಣ ಕಡಿಮೆಯಾದಷ್ಟೂ ದುಡ್ಡು ಉಳಿತಾಯ. ಸರಿ, ಟ್ರಸ್‌ನ ಯಾವ ಪೈಪ್ ಎಷ್ಟು ದಪ್ಪ ಇದ್ದರೆ ಸಾಕು ಅಂತ ಕೋಡ್ ಬರೆಯೋಕೆ ಶನಿವಾರ ಕೂತೆ.

ಹತ್ತು ಪೈಪ್, ಒಂದೊಂದಕ್ಕೂ ಎಂಟು ಸೈಜ್ ಅಂದ್ರೂ ಕಾಂಬಿನೇಷನ್‌ಗಳು ನೂರು ಕೋಟಿ ದಾಟುತ್ತವೆ. ಎಲ್ಲವನ್ನೂ ಪರೀಕ್ಷಿಸುವ ಬದಲು ಜಾಣತನದಿಂದ ಹುಡುಕೋಕೆ ಪ್ರಕೃತಿಯಿಂದ ಕಲಿತ ಅಲ್ಗಾರಿದಮ್‌ಗಳಿವೆ. ಮೂರನ್ನು ತಗೊಂಡೆ.

ಜೆನೆಟಿಕ್ ಅಲ್ಗಾರಿದಮ್ (ಜಾನ್ ಹಾಲೆಂಡ್ ಅವರ 1975ರ ಪುಸ್ತಕದಿಂದ ಹೆಸರಾದದ್ದು) ಎರಡು ಒಳ್ಳೆಯ ವಿನ್ಯಾಸ ಬೆರೆಸಿ ಮೂರನೆಯದನ್ನು ಹುಟ್ಟಿಸುತ್ತೆ. ಅಂಗಡಿಯಲ್ಲಿ ಸಿಗುವ ಸೈಜ್‌ಗಳಿಂದಲೇ ಆರಿಸೋದು ಇದಕ್ಕೆ ಸಲೀಸು. 1995ರ ಪಾರ್ಟಿಕಲ್ ಸ್ವಾರ್ಮ್ ಹಕ್ಕಿ ಹಿಂಡಿನ ಥರ. ಎಲ್ಲವೂ ಮುಂದಿರುವುದರ ಕಡೆ ವಾಲುತ್ತವೆ. ವೇಗ ಜಾಸ್ತಿ, ಆದರೆ ಅರ್ಧದಾರಿಯ ಉತ್ತರಕ್ಕೇ ಅಂಟಿಕೊಳ್ಳುವ ಅಪಾಯವೂ ಇದೆ. ಮೂರನೆಯದು 2005ರಲ್ಲಿ ನಮ್ಮ ಐಐಎಸ್‌ಸಿಯಲ್ಲೇ ಕೃಷ್ಣಾನಂದ್ ಮತ್ತು ದೇಬಶಿಶ್ ಘೋಷ್ ರೂಪಿಸಿದ ಮಿಂಚುಹುಳದ ವಿಧಾನ. ಪ್ರತಿ ಹುಳ ತನ್ನ ಹತ್ತಿರದ, ಹೆಚ್ಚು ಹೊಳೆಯುವ ಹುಳದ ಕಡೆ ಹೋಗುತ್ತೆ. ಹಾಗಾಗಿ ಗುಂಪು ಒಂದೇ ಕಡೆ ಸೇರದೆ, ಒಂದಕ್ಕಿಂತ ಹೆಚ್ಚು ಒಳ್ಳೆಯ ಉತ್ತರ ಸಿಗಬಹುದು.

ಹೋಲಿಕೆ ನ್ಯಾಯವಾಗಿರಲಿ ಅಂತ ಮೂರಕ್ಕೂ ಅಷ್ಟೇ ಲೆಕ್ಕದ ಅವಕಾಶ ಕೊಟ್ಟೆ. ಅದೃಷ್ಟದ ಪಾಲೂ ಇರೋದ್ರಿಂದ ಮತ್ತೆ ಮತ್ತೆ ಓಡಿಸಿದೆ. ಕೊನೆಗೆ ಮೂರೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬಂದವು. ಖುಷಿಯಿಂದ ಸಿವಿಲ್ ಓದಿದ ಗೆಳೆಯನಿಗೆ ಕಳಿಸಿದೆ.

"ಗಾಳಿ ಹಾಕಿದ್ಯಾ ಮಗಾ?" ಅಂದ.

ಹಾಕಿರಲಿಲ್ಲ. ಶೀಟಿನ ಭಾರ, ರಿಪೇರಿಗೆ ಹತ್ತುವವರ ಭಾರ, ಅಷ್ಟೇ. ಆದರೆ ಹಗುರ ಚಾವಣಿಯನ್ನು ಗಾಳಿ ಮೇಲಕ್ಕೆತ್ತುತ್ತೆ. ಆಗ ಎಳೆತದಲ್ಲಿದ್ದ ಕೆಳಗಿನ ಪೈಪ್‌ಗಳು ಒತ್ತಡಕ್ಕೆ ಸಿಕ್ಕಿ ಬಾಗಬಹುದು. ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಹೇಳಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿ.ಮೀ. ನಾನು ಉಳಿಸಿದ ಒಂದೊಂದು ಕೆ.ಜಿ.ಯೂ ಚಾವಣಿ ಹಾರೋಕೆ ಸಹಾಯ ಮಾಡ್ತಿತ್ತು. ಕೆಳಗಿನ ಬೀದಿಯಲ್ಲಿ ಮಕ್ಕಳು ಆಡ್ತಾರೆ.

ಮೂರು ಅಲ್ಗಾರಿದಮ್ ಒಪ್ಪಿದ್ದು ಉತ್ತರ ಸರಿ ಅಂತಲ್ಲ, ಮೂರಕ್ಕೂ ನಾನು ಒಂದೇ ತಪ್ಪು ಪ್ರಶ್ನೆ ಕೇಳಿದ್ದೆ ಅಂತ.

ಗಾಳಿ ಸೇರಿಸಿ, ಗೆಳೆಯನಿಂದ ಚೆಕ್ ಮಾಡಿಸಿ ಮತ್ತೆ ಓಡಿಸಿದೆ. ತೂಕ ಏರಿತು, ಉಳಿದ ಚೂರುಪಾರು ದುಡ್ಡು ಆ್ಯಂಕರ್ ಬೋಲ್ಟ್‌ಗೆ ಹೋಯ್ತು. ನೀವೂ ಇಂಥ ಪ್ರಯೋಗಕ್ಕೆ ಇಳಿದರೆ, ಯಾವ ಅಲ್ಗಾರಿದಮ್ ಬೆಸ್ಟ್ ಅಂತ ಹುಡುಕೋ ಮೊದಲು ನಿಮ್ಮ ಷರತ್ತುಗಳ ಪಟ್ಟಿಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.